ದಾನವ್ವನ ಪಾಲಿನ ಮಾತು

ನೂಲಗೇರಿಯ ಹಿರಿಯರು ಬೆಳಗಿನ ಐದೂವರೆಗೆಲ್ಲ ಮಾತಿಗೆ ಕೂತುಬಿಡುತ್ತಿದ್ದರು. ಬಾವಿಕಟ್ಟೆಯ ಮೇಲೆ ಮುಗಳೆಪ್ಪ ಬಾಗಲಕೋಟೆಯಿಂದ ಸೊಲ್ಲಾಪುರದ ತನಕ ಬಸ್ಸು ನಿಲ್ಲುವ ಊರುಗಳನ್ನು ಹೋಗುತ್ತ ಒಮ್ಮೆ, ಬರುತ್ತ ಒಮ್ಮೆ ಹೇಳುತ್ತಿದ್ದ. ಅವನ ಎದುರು ಮನೆಯ ಅಣ್ಣತಮ್ಮಂದಿರು ಎಂದೋ ಬಗೆಹರಿದಿದ್ದ ಗೋಡೆಯ ಜಗಳವನ್ನು ಇಬ್ಬರ ಒಪ್ಪಿಗೆಯ ಮೇರೆಗೆ ಮತ್ತೆ ಎತ್ತಿಕೊಂಡಿದ್ದರು. ಜಗಳದಲ್ಲಿ ಮಾತು ಬೇಗ ಬೇಗ ಉದುರುತ್ತವೆ, ಒಂದು ತಾಸಿನಲ್ಲಿ ಎರಡು ಸಾವಿರ ಆರಾಮಾಗಿ ಆಗುತ್ತಿತ್ತು. ಓಣಿಯ ಕೊನೆಯ ಮನೆಯ ಮುದುಕಿ ಎಮ್ಮೆಯ ಮುಂದೆ ನಿಂತು ತನ್ನ ಬೀಗರ ಗುಣಗಾನ ಮಾಡುತ್ತಿದ್ದಳು. ಎಮ್ಮೆ ಪಾಪ, ಎಲ್ಲವನ್ನೂ ಕೇಳಿಸಿಕೊಂಡು ಮೆಲುಕು ಹಾಕುತ್ತಿತ್ತು.

ಇದೆಲ್ಲ ಕೊರಳಗುಂಡಿನ ಪ್ರತಾಪ. ಗುಲಗಂಜಿಗಿಂತ ತುಸು ದೊಡ್ಡದಾದ ಒಂದು ಕರಿ ಮಣಿ ಅದು. ಐವತ್ತೈದು ದಾಟಿದವರೆಲ್ಲ ದಾರದಲ್ಲಿ ಪೋಣಿಸಿ ಗಂಟಲಿಗೆ ತಾಗುವಂತೆ ಕಟ್ಟಿಕೊಳ್ಳಬೇಕು. ಯಾರು ಏನು ಆಡಿದರು ಎಂಬುದು ಅದಕ್ಕೆ ಬೇಕಿಲ್ಲ. ಗಂಟಲಿನ ನಡುಕವನ್ನಷ್ಟೇ ಹಿಡಿದು ಶಬ್ದಗಳನ್ನು ಎಣಿಸುತ್ತದೆ, ಎಣಿಸಿದ್ದನ್ನು ಆಗಿಂದಾಗಲೇ ಮನೆಯವರ ಫೋನಿಗೂ ಎಣಿಕೆ ಕೇಂದ್ರಕ್ಕೂ ಕಳಿಸುತ್ತದೆ. ಹತ್ತು ವರ್ಷಗಳ ಹಿಂದೆ ವಿಜ್ಞಾನಿಗಳು ಲಕ್ಷಗಟ್ಟಲೆ ಜನರ ಮಾತು ಎಣಿಸಿ ಒಂದು ಸಂಗತಿ ಕಂಡುಹಿಡಿದಿದ್ದರು. ಯಾರ ಮಾತು ದಿನಕ್ಕೆ ಮೂರು ಸಾವಿರಕ್ಕಿಂತ ಕೆಳಗೆ ಇಳಿಯುತ್ತದೋ, ಅವರಲ್ಲಿ ಬಹಳ ಮಂದಿಗೆ ನಾಲ್ಕೈದು ವರ್ಷಗಳಲ್ಲಿ ಮರೆವಿನ ರೋಗ ಹಿಡಿಯುತ್ತದೆ. ಸಂಗತಿ ಸುಳ್ಳಲ್ಲ. ಆದರೆ ಸರ್ಕಾರ ಅದರಿಂದ ತೆಗೆದ ಅರ್ಥ ಇಷ್ಟೇ: ಮಾತು ಕಡಿಮೆಯಾದದ್ದಕ್ಕೇ ಮರೆವು ಬಂತು, ಹಾಗಾಗಿ ಮಾತಾಡಿಸಿ. ಮೂರು ಸಾವಿರ ಮುಟ್ಟದವರ ಹೆಸರು ಕೆಂಪು ಪಟ್ಟಿಗೆ ಹೋಗುತ್ತಿತ್ತು. ತೊಂಬತ್ತು ದಿನ ಕೆಂಪಿನಲ್ಲೇ ಉಳಿದರೆ ವ್ಯಾನು ಬಂದು ಬಾಗಲಕೋಟೆಯ ‘ಮಾತಿನ ಮನೆ’ಗೆ ಕರೆದೊಯ್ಯುತ್ತಿತ್ತು. ಮನೆಯವರು ಸಹಿ ಹಾಕಿದರೆ ಮೊದಲೇ ಕಳಿಸಲೂಬಹುದು.

ನೂಲಗೇರಿಯ ಎಣಿಕೆ ಕೇಂದ್ರಕ್ಕೆ ಗುರುಪಾದಪ್ಪ ಮುಖ್ಯಸ್ಥ. ವಯಸ್ಸು ಐವತ್ತೇಳು. ದಿನವಿಡೀ ತಣ್ಣನೆಯ ಕೋಣೆಯಲ್ಲಿ ಕೂತು ಗೋಡೆಯಗಲದ ಪರದೆಯ ಮೇಲೆ ಊರಿನ ಅಷ್ಟೂ ಗಂಟಲುಗಳನ್ನು ಕಾಯುವುದು ಅವನ ಕೆಲಸ. ಹಸಿರು ಚುಕ್ಕೆ, ಕೆಂಪು ಚುಕ್ಕೆ, ನೋಡಿ ನೋಡಿ ಅವನ ಕಣ್ಣು ಸೋತುಹೋಗಿದ್ದವು. ಅದಕ್ಕಿಂತ ಹೆಚ್ಚಾಗಿ ಸೋತದ್ದು ಮನಸ್ಸು. ಯಾಕೆಂದರೆ ನೇಕಾರ ಓಣಿಯ ಒಂದು ಕೆಂಪು ಚುಕ್ಕೆ ಅವನ ಹೆಂಡತಿ ದಾನವ್ವನದು. ನಿನ್ನೆ ಆರುನೂರ ನಲವತ್ತು ಮಾತು. ಮೊನ್ನೆ ಐನೂರ ಎಂಬತ್ತು. ಐವತ್ತೈದು ತುಂಬಿ ಗುಂಡು ಕಟ್ಟಿದಂದಿನಿಂದಲೇ ಕೆಂಪು, ಇವತ್ತಿಗೆ ಮೂವತ್ತೊಂದು ದಿನ.

ಮಧ್ಯಾಹ್ನ ಊಟಕ್ಕೆ ಮನೆಗೆ ಬಂದವನು ಗಂಗಾಳದ ಮುಂದೆ ಕೂತು ಶುರು ಮಾಡಿದ.

“ಇವತ್ತರ ಏನಾರ ಮಾತಾಡ, ದಾನವ್ವ.”

“ಏನ ಮಾತಾಡ್ಲಿ?”

“ಏನರ. ಪಲ್ಲೆ ಹೆಂಗ ಮಾಡ್ದಿ ಹೇಳ.”

“ಒಗ್ಗರಣಿ ಹಾಕೀನಿ. ಬದನಿಕಾಯಿ ಹಾಕೀನಿ. ಉಪ್ಪ ಹಾಕೀನಿ. ಉಣ್ರಿ.”

“ಏಳ ಮಾತಾತು,” ಎಂದು ಗುರುಪಾದಪ್ಪ ನಿಟ್ಟುಸಿರುಬಿಟ್ಟ. ಈಚೆಗೆ ಅವನಿಗೂ ಎಣಿಸುವ ಚಟ ಹತ್ತಿತ್ತು.

ದಾನವ್ವ ಹುಟ್ಟಿನಿಂದ ಮುಗುಮ್ಮಾದ ಹೆಣ್ಣೇನೂ ಅಲ್ಲ. ಮೂವತ್ತು ವರ್ಷ ಅವಳು ವಿದ್ಯುತ್ ಮಗ್ಗದ ಮುಂದೆ ನಿಂತವಳು. ಅದೇ ಶೆಡ್ಡಿನಲ್ಲಿ ಗುರುಪಾದಪ್ಪ ಮಗ್ಗ ರಿಪೇರಿ ಮಾಡುವ ಜಾಬರ್ ಆಗಿದ್ದ, ಮಗ್ಗ ನಿಂತ ಮೇಲೆ ಎಣಿಕೆ ಕೇಂದ್ರಕ್ಕೆ ಸೇರಿದವನು. ನಲವತ್ತು ಮಗ್ಗಗಳು ಒಟ್ಟಿಗೆ ಖಟಖಟ ಬಡಿಯುವಾಗ ಬಾಯಿ ಇದ್ದೂ ಉಪಯೋಗವಿಲ್ಲ. ಹಾಗಾಗಿ ನೇಕಾರರೆಲ್ಲ ಕೈ, ಕಣ್ಣು, ಗದ್ದಗಳಲ್ಲೇ ಮಾತಾಡುತ್ತಿದ್ದರು. ಎರಡು ಬೆರಳು ಅಡ್ಡ ಹಿಡಿದರೆ ಎಳೆ ಕಡಿದಿದೆ, ಗದ್ದ ಬಾಗಿಲ ಕಡೆ ತಿರುಗಿದರೆ ಮಾಲೀಕ ಬಂದ. ದಾನವ್ವ ಆ ವಿದ್ಯೆಯಲ್ಲಿ ಎಲ್ಲರನ್ನೂ ಮೀರಿಸಿದವಳು. ಮೂರು ಮಗ್ಗದ ಆಚೆ ನಿಂತವಳಿಗೆ ಹಿಂದಿನ ದಿನ ನೋಡಿದ ನಾಟಕವನ್ನು ಪೂರ್ತಿ ಹೇಳಿ, ನಗಿಸಿ, ಎಳೆ ಕಡಿಸುತ್ತಿದ್ದಳು. ಅವಳು ಕೈಯಲ್ಲಿ ಬೈದಷ್ಟು ಚೆಂದ ಬಾಯಲ್ಲಿ ಬೈದವರನ್ನು ಗುರುಪಾದಪ್ಪ ಕಂಡಿರಲಿಲ್ಲ. ಮಗ್ಗ ನಿಂತು ಆರು ವರ್ಷವಾದರೂ ಆ ಓಣಿಯಲ್ಲಿ ಅಭ್ಯಾಸ ಹೋಗಿರಲಿಲ್ಲ. ಮದ್ದಿನಂತೆ ಮಾತು ಕುಡಿಸಲು ಹೊರಟ ಗುರುಪಾದಪ್ಪನಿಗೆ ಇದೆಲ್ಲ ಗೊತ್ತಿತ್ತು, ಆದರೆ ಗೊತ್ತಿದ್ದದ್ದು ಆ ಹೊತ್ತಿಗೆ ತಲೆಗೆ ಬರಲಿಲ್ಲ. ಭಯ ಎಂಬುದು ಹಾಗೆ ಮಾಡುತ್ತದೆ. ಹೆಂಡತಿ ತನ್ನನ್ನು ಮರೆತುಬಿಡುತ್ತಾಳೆ ಎಂದು ಅವನು ನಿಜಕ್ಕೂ ಹೆದರಿದ್ದ.

ಎರಡು ವಾರ ಬೆಳಿಗ್ಗೆ ಸಂಜೆ ಪಾಠ ನಡೆಯಿತು. ಅವನು ಹಳೆಯ ಪಂಚಾಂಗ ತಂದುಕೊಟ್ಟ, ಓದು ಎಂದ. ಬೀಗರ ಊರುಗಳ ಹೆಸರು ಕೇಳಿದ. ಅವಳು ಮೂರನೆಯ ಹೆಸರಿಗೆ ನಿಲ್ಲಿಸಿ, ದಣಿದು, ಗೋಡೆಗೆ ಒರಗಿ ಕಣ್ಣು ಮುಚ್ಚುತ್ತಿದ್ದಳು. ಕೊನೆಗೊಂದು ದಿನ, “ನೀವು ಕೆಲಸಕ್ಕ ಹ್ವಾದ ಮ್ಯಾಲ ನನಗ ಎಷ್ಟ ಸುಖಾ ಅನಸ್ತೈತಿ ಗೊತ್ತೇನ್ರಿ?” ಎಂದಳು. ಹೊಟ್ಟೆ ಉರಿಸಲು ಆಡಿದ ಮಾತಲ್ಲ, ಅದಕ್ಕೇ ಅವನಿಗೆ ಬಹಳ ನೋವಾಯಿತು. ಅವತ್ತಿನ ಎಣಿಕೆ ನಾನೂರಕ್ಕೆ ಇಳಿದಿತ್ತು.

ನೋವಾದವನು ಕೇಂದ್ರಕ್ಕೆ ಹೋಗಿ ಮಾಡಬಾರದ ಒಂದು ಕೆಲಸ ಮಾಡಿದ. ಹಳೆಯ ಕಡತಗಳನ್ನು ತೆರೆದ. ಆರು ತಿಂಗಳಿಗೊಮ್ಮೆ ಎಲ್ಲರಿಗೂ ನೆನಪಿನ ಪರೀಕ್ಷೆ ಇರುತ್ತದೆ, ಮೂವತ್ತು ಅಂಕದ್ದು. ಮಾತಿನ ಎಣಿಕೆ ಒಂದು ಇಲಾಖೆಯ ಹತ್ತಿರ, ಈ ಅಂಕಗಳು ಇನ್ನೊಂದರ ಹತ್ತಿರ. ಎರಡನ್ನೂ ಪಕ್ಕಪಕ್ಕ ಇಟ್ಟು ತಾರೀಖು ನೋಡುವ ತೊಂದರೆಯನ್ನು ಯಾರೂ ತೆಗೆದುಕೊಂಡಿರಲಿಲ್ಲ. ಗುರುಪಾದಪ್ಪ ಇಟ್ಟ. ರೋಗ ಹಿಡಿದ ಇನ್ನೂರ ಹದಿಮೂರು ಜನರಲ್ಲಿ ಹೆಚ್ಚುಕಡಿಮೆ ಎಲ್ಲರದೂ ಒಂದೇ ಕತೆ: ಮೊದಲು ನೆನಪಿನ ಅಂಕ ಜಾರಿತ್ತು, ವರ್ಷ ಒಂದೂವರೆ ವರ್ಷ ಕಳೆದ ಮೇಲೆ ಮಾತು ಇಳಿದಿತ್ತು. ಹೆಸರು ನೆನಪಾಗದ ಮನುಷ್ಯ ನಾಚಿಕೊಂಡು ಮಾತು ಬಿಡುತ್ತಾನೆ. ನೇಕಾರ ಓಣಿಯದಂತೂ ಬೇರೆಯೇ ಲೆಕ್ಕ. ಅಲ್ಲಿ ಹೆಚ್ಚಿನವರ ಮಾತು ಮೂರು ಸಾವಿರದ ಅಂಚಿನಲ್ಲೇ, ನೆನಪು ಮಾತ್ರ ಗಟ್ಟಿ. ದಾನವ್ವನಿಗೆ ಮೂವತ್ತಕ್ಕೆ ಇಪ್ಪತ್ತೊಂಬತ್ತು ಬಂದಿತ್ತು.

ಅವನು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದ. ಖುಷಿಯಾಗಬೇಕಿತ್ತು. ಆದದ್ದು ನಾಚಿಕೆ. ಹದಿನೈದು ದಿನ ಅವಳಿಗೆ ಕೊಟ್ಟ ಕಾಟವೆಲ್ಲ ಕಣ್ಣೆದುರು ಬಂತು.

ಹನ್ನೆರಡು ದಿನ ಕಾದ ಮೇಲೆ ಯೋಜನೆಯ ಹಿರಿಯ ವಿಜ್ಞಾನಿ ಡಾ. ಸುಹಾಸಿನಿ ಬೆಂಗಳೂರಿನಿಂದ ಪರದೆಯ ಮೇಲೆ ಸಿಕ್ಕರು. ಗುರುಪಾದಪ್ಪ ಹೇಳಿದ್ದನ್ನೆಲ್ಲ ಅವರು ಗಲ್ಲಕ್ಕೆ ಕೈಹಚ್ಚಿ ಕೇಳಿದರು.

“ನೀವು ಹೇಳೋದು ನಿಜ, ಗುರುಪಾದಪ್ಪ. ನಾನೂ ಸರ್ಕಾರಕ್ಕೆ ಎರಡು ಸಲ ಬರೆದೆ.”

“ಏನಂದ್ರರಿ, ಮೇಡಂ?”

“ನಲವತ್ತು ಮಾತಿನ ಮನೆ ಕಟ್ಟಿ ಆಗಿದೆ, ಅವನ್ನೇನು ಮಾಡೋಣ ಅಂದ್ರು.” ಅವರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. “ಮೂರನೇ ಸಲ ಬರೀತೀನಿ. ಸ್ವಲ್ಪ ಟೈಮ್ ಹಿಡಿಯುತ್ತೆ.”

ಟೈಮ್ ದಾನವ್ವನ ಹತ್ತಿರ ಇರಲಿಲ್ಲ. ಅವಳದು ಐವತ್ತೆಂಟನೆಯ ದಿನ. ಮರುದಿನ ಬೆಳಿಗ್ಗೆ ಗುರುಪಾದಪ್ಪ ಅವಳ ಕೊರಳಿಂದ ಗುಂಡು ಬಿಚ್ಚಿ, ತನ್ನ ಗುಂಡಿನ ಪಕ್ಕದಲ್ಲೇ ತನ್ನ ಕೊರಳಿಗೆ ಕಟ್ಟಿಕೊಂಡ. ಗುಂಡಿಗೆ ಯಾರ ಗಂಟಲಾದರೇನು, ನಡುಗಿದರೆ ಸಾಕು. ಸಂಶಯ ಬರದಂತೆ ಅವನು ಒಂದೊಂದನ್ನೇ ಗಂಟಲಿಗೆ ತಾಗಿಸುತ್ತಿದ್ದ, ಅಂದರೆ ಇಬ್ಬರ ಪಾಲಿನದನ್ನೂ ಒಬ್ಬನೇ ಆಡಬೇಕಿತ್ತು. ದಾನವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು.

“ಎರಡ ತಾಳಿ ಕಟ್ಕೊಂಡ್ರಲ್ರಿ!”

“ನಗಬ್ಯಾಡ. ನಿನ್ನ ಪಾಲಿನ ಮಾತು ಇನ್ನ ನಂದು.”

ಮಾತಾಡುವುದು ಇಷ್ಟು ದೊಡ್ಡ ಕೂಲಿ ಎಂದು ಅವನಿಗೆ ಗೊತ್ತಿರಲಿಲ್ಲ. ಸೈಕಲ್ ತುಳಿಯುತ್ತ ಮಾತಾಡಿದ. ಸ್ನಾನ ಮಾಡುತ್ತ ಮಾತಾಡಿದ. ಜಾಬರ್ ಕೆಲಸದ ಕಾಲದ ಒಂದೊಂದೇ ನಟ್ಟು ಬೋಲ್ಟಿನ ಹೆಸರು ಹೇಳಿ ಮುಗಿಸಿ, ನಂಟರಿಷ್ಟರ ಹೆಸರಿಗೆ ಬಂದು, ಆಮೇಲೆ ಕಣ್ಣಿಗೆ ಕಂಡದ್ದನ್ನೆಲ್ಲ ಹೇಳುತ್ತ ಹೋದ: ಇದು ಗೋಡೆ, ಇದು ಗೂಟ, ಗೂಟದಲ್ಲಿ ಚೀಲ. ತಿಂಗಳೊಪ್ಪತ್ತಿನಲ್ಲಿ ಗಂಟಲು ಕೆಟ್ಟು ಧ್ವನಿ ಗೊಗ್ಗರಾಯಿತು. ಮನೆಗೆ ಬಂದು ತುಟಿ ಬಿಚ್ಚದೆ ಕೂತಾಗ ದಾನವ್ವ ಬಿಸಿನೀರಿಗೆ ಅರಿಸಿನ ಹಾಕಿ ಕೊಡುತ್ತಿದ್ದಳು. ಇಬ್ಬರೂ ಕಟ್ಟೆಯ ಮೇಲೆ ಸುಮ್ಮನೆ ಕೂರುತ್ತಿದ್ದರು. ಮದುವೆಯಾಗಿ ಇಷ್ಟು ವರ್ಷಕ್ಕೆ ಅವನಿಗೆ ಆ ಸುಮ್ಮನಿರುವುದು ಎಷ್ಟು ಹಿತವೆಂದು ತಿಳಿಯಿತು.

ಪಕ್ಕದ ಮನೆಯ ಸಿದ್ರಾಮಪ್ಪ ಅದೇ ಶೆಡ್ಡಿನಲ್ಲಿ ನೇಯ್ದವನು, ಗುರುಪಾದಪ್ಪನ ಗೆಳೆಯ. ಅವನಿಗೆ ಮರೆವು ನಿಜವಾಗಿಯೇ ಶುರುವಾಗಿತ್ತು. ಓಣಿ ಬಿಟ್ಟು ಹೊರಗೆ ಹೋದರೆ ದಾರಿ ತಪ್ಪುತ್ತಿದ್ದ. ಓಣಿಯೊಳಗೆ ಮಾತ್ರ ಯಾವ ಕಲ್ಲು ಎಲ್ಲಿದೆ ಎಂದು ಅವನ ಕಾಲಿಗೆ ಗೊತ್ತಿತ್ತು. ಹೆಂಡತಿ ರುಕ್ಮವ್ವ ಕಣ್ಣಿನ ಎದುರಿದ್ದರೆ ಸಮಾಧಾನ, ಇಲ್ಲದಿದ್ದರೆ ಹುಡುಕಾಡುತ್ತಿದ್ದ. ಅವನ ಹೆಸರು ಕೆಂಪಿಗೆ ಬಿದ್ದ ವಾರವೇ ರುಕ್ಮವ್ವ ಗುರುಪಾದಪ್ಪನ ಹತ್ತಿರ ಬಂದು ಮೆಲ್ಲಗೆ ಹೇಳಿದ್ದಳು: “ಯಣ್ಣಾ, ಜತ್ತದಾಗ ನಮ್ಮಣ್ಣನ ಮನಿ ಐತಿ. ಅದು ಬ್ಯಾರೆ ರಾಜ್ಯ, ಅಲ್ಲಿ ಗುಂಡೂ ಇಲ್ಲ ಗಿಂಡೂ ಇಲ್ಲ. ವ್ಯಾನ್ ಬರೂದರಾಗ ಇವರನ್ನ ಕರಕೊಂಡ ಹೋಗಿಬಿಡ್ತೀನಿ.” ಎಣಿಕೆ ಕೇಂದ್ರದ ಮುಖ್ಯಸ್ಥನಾಗಿ ಗುರುಪಾದಪ್ಪ ಆ ಮಾತು ಕೇಳಿಸಿಕೊಳ್ಳಲಿಲ್ಲ. ಗೆಳೆಯನಾಗಿ ತಲೆಯಾಡಿಸಿದ್ದ.

ಇತ್ತ ದಾನವ್ವನ ಚುಕ್ಕೆ ಹಸಿರಾಯಿತು. ದಿನಕ್ಕೆ ನಾಲ್ಕು ಸಾವಿರ, ನಾಲ್ಕೂವರೆ ಸಾವಿರ. ಮುಂದಿನ ಪರೀಕ್ಷೆಯಲ್ಲಿ ಅವಳಿಗೆ ಮೂವತ್ತಕ್ಕೆ ಮೂವತ್ತು ಬಂತು. ಜಿಲ್ಲಾ ಕಚೇರಿಯವರು ಕುಣಿದಾಡಿಬಿಟ್ಟರು. ಮಾತು ಏರಿತು, ನೆನಪೂ ಏರಿತು, ಇನ್ನೇನು ಬೇಕು? ದಾನವ್ವನನ್ನು ನಿಲ್ಲಿಸಿ ಫೋಟೋ ತೆಗೆದರು. ‘ಮಾತು ಮರಳಿತು, ಮರೆವು ತೊಲಗಿತು’ ಎಂದು ಬರೆದು ಬಸ್ ಸ್ಟ್ಯಾಂಡಿನಲ್ಲಿ, ದವಾಖಾನೆಯಲ್ಲಿ ಅಂಟಿಸಿದರು. ದಾನವ್ವ ತನ್ನ ಚಿತ್ರವನ್ನು ನೋಡಿ ಗಂಡನ ಕಡೆ ತಿರುಗಿದಳು. ಅವಳ ಮುಖದಲ್ಲಿ ನಗು ಇರಲಿಲ್ಲ.

“ಇದು ಚಲೋ ಆಗಲಿಲ್ರಿ,” ಎಂದಳು.

ಚಲೋ ಆಗಲಿಲ್ಲ ಎಂಬುದು ಒಂದು ಸೋಮವಾರ ಹನ್ನೊಂದು ಗಂಟೆಗೆ ಪರದೆಯ ಮೇಲೆ ಕಂಡಿತು. ಸಿದ್ರಾಮಪ್ಪನ ಹೆಸರಿನ ಮುಂದೆ ‘ಮನೆಯವರ ಸಹಿ ಬಂದಿದೆ, ಕರೆದೊಯ್ಯಲಾಗಿದೆ’ ಎಂದಿತ್ತು. ಗುರುಪಾದಪ್ಪ ಚಪ್ಪಲಿ ಮೆಟ್ಟಿಕೊಂಡು ಓಡಿದ. ವ್ಯಾನು ಹೋಗಿ ತಾಸಾಗಿತ್ತು. ರುಕ್ಮವ್ವ ಹೊಸ್ತಿಲಲ್ಲಿ ಕೂತಿದ್ದಳು, ಅತ್ತ ಗುರುತು ಕಣ್ಣಲ್ಲಿತ್ತು, ಮುಖದಲ್ಲಿ ಮಾತ್ರ ಆಸೆ ತುಂಬಿತ್ತು.

“ಜತ್ತಕ್ಕ ಹೋಗಾಕಿ ಇದ್ಯಲ್ಲವಾ?” ಎಂದ ಅವನು ಏದುಸಿರು ಬಿಡುತ್ತ.

“ಹೋಗಾಕಿ ಇದ್ದೆ ಯಣ್ಣಾ. ಚೀಲಾನೂ ತುಂಬಿದ್ದೆ. ಆಮ್ಯಾಲ ನಮ್ಮ ದಾನವ್ವಕ್ಕನ್ನ ನೋಡಿ ಮನಸ ಬದಲಾತು. ಮಾತ ಆಡಿಸಿದ್ರ ಆಕೀಗಿ ಅಷ್ಟ ಚಲೋ ಆತು, ನಾ ಇವರನ್ನ ಮುಚ್ಚಿಟಕೊಂಡು ಯಾಕ ಕೆಡಸ್ಲಿ? ನೀವು ಸುಳ್ಳ ಹೇಳೂ ಮಂದಿ ಅಲ್ಲ.”

ಗುರುಪಾದಪ್ಪ ಗಂಟಲು ಕೆಟ್ಟಿದೆ ಎಂದು ಕೈಯಲ್ಲಿ ತೋರಿಸಿ ಹೊರಟುಬಂದ. ಅದು ಸುಳ್ಳೇನೂ ಆಗಿರಲಿಲ್ಲ, ಆದರೂ ಹೇಡಿತನವೇ.

ಗುರುವಾರ ಪರಿಶೀಲನಾ ಸಭೆ ಇತ್ತು. ಪರದೆಯ ಮೇಲೆ ಎಂಟು ಮುಖಗಳು, ನಡುವೆ ಯೋಜನಾಧಿಕಾರಿ ಕಾರಟಗಿ ಸಾಹೇಬರು. ಗುರುಪಾದಪ್ಪ ಎದ್ದುನಿಂತು, ಗೊಗ್ಗರು ಧ್ವನಿಯಲ್ಲಿ, ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಗುಂಡು ಬಿಚ್ಚಿದ್ದು, ಕಟ್ಟಿಕೊಂಡದ್ದು, ದಾನವ್ವ ಆ ಮೂರು ತಿಂಗಳು ಮುಂಚಿನಷ್ಟೇ ಮಾತಾಡಿದ್ದು, ಅವಳ ನೆನಪು ಮುಂಚಿನಿಂದಲೂ ಚೆನ್ನಾಗಿಯೇ ಇದ್ದದ್ದು. ತಾರೀಖುಗಳ ಪಟ್ಟಿಯನ್ನೂ ತೋರಿಸಿದ. ಮರೆವು ಮೊದಲು, ಮೌನ ಆಮೇಲೆ. ಡಾ. ಸುಹಾಸಿನಿ ತಲೆ ತಗ್ಗಿಸಿಕೊಂಡು ಕೇಳುತ್ತಿದ್ದರು.

ಕಾರಟಗಿ ಸಾಹೇಬರು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಒಳ್ಳೆಯದಿತ್ತು. ಅವರು ಕೀಲಿಮಣೆ ಒತ್ತಿ ಏನೋ ಹುಡುಕಿದರು.

“ಅಂದ್ರೆ ದಿನಕ್ಕೆ ಎಂಟು ಸಾವಿರ ಮಾತು ನೀವೊಬ್ಬರೇ ಆಡಿದ್ರಿ?”

“ಹೌದ್ರಿ.”

“ನಿಮ್ಮ ಹಳೇ ಅಂಕ ಇಪ್ಪತ್ತಾರು. ಹೋದ ತಿಂಗಳದ್ದು ಇಪ್ಪತ್ತೆಂಟು.” ಅವರ ಮುಖ ಅರಳಿತು. “ನೋಡಿ, ನಿಮಗೇ ಗುಣ ಆಗಿದೆ! ಮಿತಿಯನ್ನ ಮೂರು ಸಾವಿರದಿಂದ ಏರಿಸಬೇಕು ಅಂತ ನಾನು ಮೊದಲಿನಿಂದ ಹೇಳ್ತಿದ್ದೆ.”

“ಸಾಹೇಬ್ರ, ಆ ಇಪ್ಪತ್ತಾರ ಬಂದ ದಿನ ನನಗ ಜ್ವರ ಇದ್ದುವು.”

ಯಾರೋ ನಕ್ಕರು. ಸಭೆ ಮುಂದಿನ ವಿಷಯಕ್ಕೆ ಹೋಯಿತು. ಗುರುಪಾದಪ್ಪನಿಗೆ ಒಂದು ನೋಟೀಸು, ದಾನವ್ವನಿಗೆ ಹೊಸದಾಗಿ ತೊಂಬತ್ತು ದಿನ. ಗೋಡೆಗೆ ಅಂಟಿಸಿದ ಚಿತ್ರಗಳನ್ನು ತೆಗೆಯುವ ಬಗ್ಗೆ ಯಾರೂ ಏನೂ ಹೇಳಲಿಲ್ಲ.

ಸಭೆ ಮುಗಿದ ಮೇಲೆ ಅವನು ಮತ್ತೆ ಎಣಿಕೆಯ ಪರದೆ ತೆರೆದ. ಕೈ ತಾನಾಗಿ ಸಿದ್ರಾಮಪ್ಪನ ಹೆಸರನ್ನು ಒತ್ತಿತು. ಹಸಿರು ಚುಕ್ಕೆ. ಮೊದಲ ದಿನ ಮೂರು ಸಾವಿರ, ಎರಡನೆಯ ದಿನ ಐದು, ನಿನ್ನೆ ಏಳು ಸಾವಿರ. ಅವನಿಗೆ ನಂಬಿಕೆ ಬರಲಿಲ್ಲ. ಎಣಿಕೆಯನ್ನು ಸರಿಸಿ ಒಳಗಿನ ನಡುಕದ ಗೆರೆಯನ್ನು ತೆರೆದ. ಜನ ಮಾತಾಡುವಾಗ ಆ ಗೆರೆ ಒಂದು ಸಲ ಏರಿದ ಹಾಗೆ ಇನ್ನೊಂದು ಸಲ ಏರುವುದಿಲ್ಲ. ಸಿದ್ರಾಮಪ್ಪನ ಗೆರೆ ಮಾತ್ರ ಒಂದೇ ಆಕಾರದಲ್ಲಿ ಓಡುತ್ತಿತ್ತು. ಎರಡು ಸಣ್ಣ ಏಟು, ಬಿಡುವು. ಎರಡು ಸಣ್ಣ ಏಟು, ಬಿಡುವು. ಬೆಳಗಿನಿಂದ ಸಂಜೆಯ ತನಕ, ಮೂರೂ ದಿನ.

ಅವನು ಮಾತಿನ ಮನೆಗೆ ಫೋನು ಹಚ್ಚಿದ. ಅಲ್ಲಿ ನೋಡಿಕೊಳ್ಳುವ ಹೆಣ್ಣುಮಗಳು ಎತ್ತಿಕೊಂಡಳು. ಅವಳ ದನಿಯೂ ದಣಿದಿತ್ತು.

“ಆ ಅಜ್ಜಾರೇನ್ರಿ? ಅವರು ಬ್ಯಾರೆ ಏನೂ ಅನ್ನಂಗಿಲ್ರಿ. ಬಾಗಲಾ ನೋಡಕೋಂತ ‘ರುಕ್ಕಿ, ರುಕ್ಕಿ’ ಅಂತಿರ್ತಾರ್ರಿ. ಊಟಾನೂ ಸರಿ ಮಾಡವಲ್ರು. ಸಾಹೇಬ್ರು ಬಂದು ಅಂಕಿ ನೋಡಿ, ಭೇಷ್ ಅಂತ ಬರದು ಹೋದ್ರರಿ.”

ಮಧ್ಯಾಹ್ನ ಎರಡೂವರೆಗೆ ಅವನು ಮನೆಗೆ ಬಂದಾಗ ರುಕ್ಮವ್ವ ಅವರ ಕಟ್ಟೆಯ ಮೇಲೆಯೇ ಇದ್ದಳು. ದಾನವ್ವ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ರುಕ್ಮವ್ವನ ಕೈಯಲ್ಲಿ ಫೋನಿತ್ತು, ಅದನ್ನು ದೇವರ ಪ್ರಸಾದ ಹಿಡಿದಂತೆ ಹಿಡಿದಿದ್ದಳು.

“ಬರ್ರಿ ಯಣ್ಣಾ, ನೋಡ್ರಿ ಇಲ್ಲಿ. ಮಧ್ಯಾಹ್ನದಾಗ ಐದ ಸಾವಿರ ಆತು! ನಲವತ್ತ ವರ್ಷ ನನ್ನ ಜೋಡಿ ಬಾಳೇ ಮಾಡಿದ ಮನಶ್ಯಾ ಒಂದಿನಾನೂ ಇಷ್ಟ ಮಾತಾಡಿದ್ದಿಲ್ಲ. ಹಿಂಗ ನಡದ್ರ ಜಲ್ದಿ ಕಳಸ್ತಾರಂತ. ಏನ ಮಾತಾಡ್ತಾರೋ ಏನೋ, ಅದೊಂದ ಇದರಾಗ ಗೊತ್ತಾಗಂಗಿಲ್ಲ ನೋಡ್ರಿ.”

ಗುರುಪಾದಪ್ಪ ಕಂಬಕ್ಕೆ ಒರಗಿ ನಿಂತ. ಸುಮ್ಮನಿದ್ದರೆ ಇವಳು ಅರವತ್ತು ದಿನ ಕಳೆದು ಭೇಟಿಗೆ ಬಿಡುವ ತನಕ ಹೀಗೇ ಸಂತೋಷವಾಗಿರುತ್ತಾಳೆ. ಹೇಳಿದರೆ, ಸಹಿ ಹಾಕಿದ ಕೈಯನ್ನು ಇವಳು ಸಾಯುವ ತನಕ ಶಪಿಸಿಕೊಳ್ಳುತ್ತಾಳೆ. ಮೂರು ತಿಂಗಳು ಗಂಟಲು ಹರಿದುಕೊಂಡು ಲಕ್ಷಗಟ್ಟಲೆ ಮಾತಾಡಿದವನಿಗೆ ಈಗ ಒಂದು ಸಾಲು ಆಡಲು ಧೈರ್ಯ ಬರಲಿಲ್ಲ. ದಾನವ್ವ ಮೊರ ಕೆಳಗಿಟ್ಟಳು. ಗಂಡನ ಮುಖವನ್ನು ಒಮ್ಮೆ ನೋಡಿದಳು.

“ಹೇಳ್ರಿ,” ಎಂದಳು.

ಅವನು ಹೇಳಿದ. ದಾನವ್ವನ ಮಾತು ಮರಳಿದ್ದು ಸುಳ್ಳೆಂದು ಮೊದಲು ಹೇಳಿದ, ತಪ್ಪು ತನ್ನದೆಂದು ಹೇಳಿದ. ಆಮೇಲೆ ಸಿದ್ರಾಮಪ್ಪ ಬೆಳಗಿನಿಂದ ಸಂಜೆಯ ತನಕ ಆಡುವುದು ಯಾವ ಮಾತು ಎಂದು ಹೇಳಿದ.

ರುಕ್ಮವ್ವ ಫೋನನ್ನೇ ನೋಡುತ್ತ ಕೂತಳು. ಹಸಿರು ಅಂಕಿ ಐದು ಸಾವಿರದ ಹನ್ನೆರಡರಲ್ಲಿತ್ತು. ನೋಡುತ್ತಿದ್ದಂತೆಯೇ ಹದಿಮೂರಾಯಿತು.

“ಈಗ ಕರದ್ರು,” ಎಂದಳು.

ಹದಿನಾಲ್ಕಾಯಿತು.

“ಈಗ ಮತ್ತ ಕರದ್ರು.”

ಅವಳು ಎದ್ದು ಸೆರಗು ಸೊಂಟಕ್ಕೆ ಸಿಗಿಸಿಕೊಂಡಳು. “ಬಾಗಲಕೋಟಿ ಬಸ್ಸ ಎಷ್ಟಕ್ಕೈತಿ?”

“ಮೂರಕ್ಕ. ಆದರ ಅರವತ್ತ ದಿನದ ಮಟಾ ಮನಿಯವರನ್ನ ಒಳಗ ಬಿಡಂಗಿಲ್ಲವಾ,” ಎಂದ ಗುರುಪಾದಪ್ಪ.

“ಬಿಡಬ್ಯಾಡ್ರಿ. ಹೊರಗ ನಿಂತು ನಾನೂ ಕರೀತೀನಿ,” ಎಂದಳು ರುಕ್ಮವ್ವ. ದಾನವ್ವ ಆಗಲೇ ಚಪ್ಪಲಿ ಮೆಟ್ಟಿದ್ದಳು.